ಮಾಸ್ಕ್ ಹಾಕಿಕೊಂಡ ಮಧ್ಯಾಹ್ನ

ಪಟ್ಟಿ ಕಿವಿಯ ಮೇಲೆ ಸ್ವಲ್ಪ ಬಿಗಿ, ಸಡಿಲ ಮಾಡಿದರೆ ಮೂಗಿನ ಪಕ್ಕದಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ, ಬಿಗಿ ಮಾಡಿದರೆ ಕೆನ್ನೆಯ ಮೇಲೆ ಗೆರೆ ಬೀಳುತ್ತದೆ, ಬೀಳಲಿ, ಈ ವಯಸ್ಸಿನಲ್ಲಿ ಕೆನ್ನೆಯನ್ನು ಯಾರು ನೋಡಬೇಕು — ಗಾಳಿ ಬರುತ್ತಲೇ ಇದೆ, ಬೇಡವೆಂದರೂ ಬಡಿಸುವ ನೆಂಟರ ಹಾಗೆ, ಮೂಗಿಗೆ ನುಗ್ಗಿ ಗಂಟಲಿಗೆ ಇಳಿಯುತ್ತಿದೆ, ಬಾಯಿ ತೆರೆಯುವ ಹಾಗಿಲ್ಲ, ತೆರೆದರೆ ಎಲ್ಲ ಬುಸ್ಸೆಂದು ಹೊರಗೆ. ಹಗಲು ಹೊತ್ತು ಕುರ್ಚಿಯಲ್ಲಿ ಕೂತು ಸ್ವಲ್ಪ ಅಭ್ಯಾಸ ಮಾಡಿಕೊಳ್ಳಿ, ಆಮೇಲೆ ಮಲಗುವಾಗ ಕಷ್ಟ ಆಗಲ್ಲ ಅಂತ ಮಷಿನ್ ತಂದುಕೊಟ್ಟವನು ಹೇಳಿ ಹೋಗಿದ್ದ, ಅದಕ್ಕೇ ಅವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ, ಅಡುಗೆಮನೆಯಲ್ಲಿ ಗಂಡ ಪಾತ್ರೆ ತೊಳೆಯುತ್ತಿದ್ದಾನೆ, ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಗೇರ್ ಬದಲಿಸಿತು, ಎರಡರಿಂದ ಮೂರಕ್ಕೆ, ತಡವಾಗಿ ಹಾಕಿದ, ಹೊಸಬನಿರಬೇಕು, ಇಂಜಿನ್ ಗೋಗರೆದ ಮೇಲೆ ಹಾಕಿದ — ಅವಳ ಎಡಗಾಲು ತಾನಾಗಿಯೇ ನೆಲವನ್ನು ಒತ್ತಿತು, ಅಲ್ಲಿ ಕ್ಲಚ್ ಇಲ್ಲ, ಹಾಸಿದ ಚಾಪೆ ಇದೆ. ಇಪ್ಪತ್ತು ಚಿಲ್ಲರೆ ವರ್ಷ ಒತ್ತಿದ ಕಾಲು, ಅದಕ್ಕೆ ಹೇಳುವವರು ಯಾರು. ಡಿಪೋದಲ್ಲಿ ಎಲ್ಲರಿಗೂ ಅವಳು ಸ್ಟೇರಿಂಗ್ ಅಕ್ಕ, ಅಲ್ಲಿ ಬಸ್ಸು ಓಡಿಸುವ ಹೆಂಗಸು ಅವಳೊಬ್ಬಳೇ ಇದ್ದಾಗ ಇಟ್ಟ ಹೆಸರು, ಆಮೇಲೆ ಇನ್ನಷ್ಟು ಹೆಂಗಸರು ಬಂದರೂ ಹೆಸರು ಇವಳಿಗೇ ಅಂಟಿಕೊಂಡಿತು, ಈಗ ಸ್ಟೇರಿಂಗ್ ಇಲ್ಲ, ಬರೀ ಅಕ್ಕ, ವಿಚಾರಣೆ ಕೌಂಟರಿನಲ್ಲಿ ಮೈಕ್ ಹಿಡಿದು ಯಾವ ಬಸ್ಸು ಯಾವ ಕಡೆ ನಿಂತಿದೆ ಅಂತ ಹೇಳುವ ಅಕ್ಕ. ಅದೂ ಬರುವ ಸೋಮವಾರದಿಂದ. ಮ್ಯಾನೇಜರ್ ಕರೆದು ಮೆತ್ತಗೆ ಹೇಳಿದಾಗ ಅಳು ಬರಬೇಕಿತ್ತು, ಕೋಪವಾದರೂ ಬರಬೇಕಿತ್ತು, ಬಂದದ್ದು ಆಕಳಿಕೆ, ಅವಳು ಅವನ ಪೆನ್ನಿನ ಮುಚ್ಚಳ ನೋಡುತ್ತಿದ್ದಳು, ಹಲ್ಲಿನಿಂದ ಕಚ್ಚಿ ಕಚ್ಚಿ ಚಪ್ಪಟೆಯಾಗಿದೆ, ಇಷ್ಟು ದೊಡ್ಡ ಮನುಷ್ಯ ಪೆನ್ನು ಕಚ್ಚುತ್ತಾನಲ್ಲ ಅಂದುಕೊಂಡು ಎದ್ದು ಬಂದಳು.

ಆಕಳಿಕೆ ಅಂದರೆ ಅಂಥಿಂಥ ಆಕಳಿಕೆಯೇ, ಎಂಟು ತಾಸು ಹಾಸಿಗೆಯಲ್ಲಿದ್ದು ಎದ್ದರೂ ಮೈ ಮೇಲೆ ಯಾರೋ ಒದ್ದೆ ಕಂಬಳಿ ಹೊದಿಸಿದ ಹಾಗೆ, ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿ, ತಲೆಯಲ್ಲಿ ಧಿಮ್ಮೆನ್ನುವ ಭಾರ — ಮುಟ್ಟು ನಿಲ್ಲುವ ವಯಸ್ಸಮ್ಮ, ಟೆನ್ಷನ್ ಮಾಡ್ಕೋಬೇಡಿ ಅಂದಿದ್ದರು ಬೀದಿ ಕೊನೆಯ ಡಾಕ್ಟರು, ಎದೆಯಲ್ಲಿ ಗುಬ್ಬಿ ಹೊಕ್ಕ ಹಾಗೆ ಪಟಪಟ ಅನ್ನುತ್ತೆ ಅಂದದ್ದಕ್ಕೂ ಅದೇ ಮಾತು, ವಿಟಮಿನ್ ಮಾತ್ರೆ ಬರೆದರು, ಕೆಂಪು ಬಣ್ಣದ್ದು, ಗುಬ್ಬಿ ಮಾತ್ರೆಗೆ ಹೆದರಲಿಲ್ಲ. ಗೊರಕೆಯ ವಿಷಯ ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ, ಹೆಂಗಸಾಗಿ ಅದನ್ನು ಯಾರ ಮುಂದೆ ಹೇಳುವುದು, ಡಿಪೋದವರೆಲ್ಲ ಸೇರಿ ಪ್ರವಾಸ ಹೋದಾಗ ಹೆಂಗಸರ ಕೋಣೆಯಲ್ಲಿ ಮಲಗಿದ್ದಳಲ್ಲ, ಬೆಳಿಗ್ಗೆ ಒಬ್ಬಳು ನಗುತ್ತಾ ಅಕ್ಕ ನಿದ್ದೇಲೂ ಗಾಡಿ ಓಡಿಸ್ತಾರೆ ಅಂದಳು, ಎಲ್ಲರೂ ನಕ್ಕರು, ಇವಳೂ ನಕ್ಕಳು, ಅಂದಿನಿಂದ ಬೇರೆಯವರ ಮನೆಯಲ್ಲಿ ಮಲಗುವುದನ್ನೇ ಬಿಟ್ಟಳು. ಮದುವೆಗೆ ಹೋದರೆ ಊಟ ಮಾಡಿ ವಾಪಸ್. ಮಗಳ ಬಾಣಂತನಕ್ಕೆ ಹೋದಾಗ ಮಾತ್ರ ವಾಪಸ್ ಬರುವ ಹಾಗಿರಲಿಲ್ಲ, ಮಗಳ ಮನೆಯ ಗೋಡೆಗಳೋ ರಟ್ಟಿನ ಹಾಗೆ, ಆಚೆ ಕೋಣೆಯಲ್ಲಿ ಅಳಿಯ ಮಗ್ಗುಲು ಬದಲಿಸಿದ್ದೂ ಕೇಳುತ್ತದೆ, ಅವಳು ರಾತ್ರಿಯೆಲ್ಲ ಹಾಲ್‌ನಲ್ಲಿದ್ದ ಸೋಫಾದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಹಳೆಯ ವಾರಪತ್ರಿಕೆ ತಿರುವುತ್ತಿದ್ದಳು, ಕಣ್ಣು ಮುಚ್ಚಿದರೆ ಚಿವುಟಿಕೊಳ್ಳುತ್ತಿದ್ದಳು, ಅಳಿಯನಿಗೆ ಕೇಳಿಬಿಟ್ಟರೆ, ಅವನು ನಾಳೆ ಅವರ ಅಮ್ಮನಿಗೆ ಹೇಳಿಬಿಟ್ಟರೆ. ವಾರ ಕಳೆಯುವುದರೊಳಗೆ ಡ್ಯೂಟಿಗೆ ಕರೆದಿದ್ದಾರೆ ಅಂತ ಸುಳ್ಳು ಹೇಳಿ ಹೊರಟಳು, ಮಗು ಮಗಳ ತೋಳಿನಲ್ಲಿ ಮುಷ್ಟಿ ಕಟ್ಟಿ ಮಲಗಿತ್ತು, ಎಷ್ಟು ಸಣ್ಣ ಮೂಗು, ಎಷ್ಟು ಸಲೀಸಾದ ಉಸಿರು, ನಿಂಗೆ ನನಗಿಂತ ಬಸ್ಸೇ ಹೆಚ್ಚಾಯ್ತಲ್ಲಮ್ಮ ಅಂದಳು ಮಗಳು, ಹೂಂ ಅಂತ ಚೀಲ ಎತ್ತಿಕೊಂಡಳು.

ಬಸ್ಸೂ ಹೋಯಿತು. ಸ್ಟೇಷನರಿ ಅಂಗಡಿ ಎದುರಿನ ಸಿಗ್ನಲ್ಲಿನಲ್ಲಿ, ಮಟಮಟ ಮಧ್ಯಾಹ್ನ, ಕೆಂಪು ಬಿದ್ದಿತ್ತು, ನಿಲ್ಲಿಸಿದ್ದು ನೆನಪಿದೆ, ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ ನೀಲಿ ಕೊಡೆ ನೆನಪಿದೆ, ಎದೆಯಲ್ಲಿ ಗುಬ್ಬಿ ಎದ್ದದ್ದು ನೆನಪಿದೆ, ಆಮೇಲೆ ಏನೂ ಇಲ್ಲ, ಕಣ್ಣು ತೆರೆದೇ ಇತ್ತಂತೆ, ಹಸಿರು ಬಿತ್ತಂತೆ, ಹಿಂದಿನವರೆಲ್ಲ ಹಾರ್ನ್ ಹೊಡೆದರಂತೆ, ಬ್ರೇಕಿನ ಮೇಲಿನ ಕಾಲು ಸಡಿಲಾಗಿ ಬಸ್ಸು ತೊಟ್ಟಿಲ ಹಾಗೆ ಮೆಲ್ಲಗೆ ಉರುಳಿ ಬಲಕ್ಕೆ ತಿರುಗಲು ಮುಂದೆ ಕಾದು ನಿಂತಿದ್ದ ವ್ಯಾನಿಗೆ ತಾಗಿತು, ಢಬ್ ಅಂತ ಅಷ್ಟೇ, ಒಂದು ದೀಪ ಒಡೆಯಿತು, ವ್ಯಾನಿನೊಳಗಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಅಕ್ಕಾ, ಅಕ್ಕಾ, ಎಲ್ಲಿದ್ದೀರಿ ಅಂತ ಕಂಡಕ್ಟರ್ ಹೆಗಲು ಹಿಡಿದು ಅಲ್ಲಾಡಿಸಿದ, ಇಲ್ಲೇ ಇದೀನಲ್ಲೋ ಅಂದಳು. ಇರಲಿಲ್ಲ. ಮುಂದಿದ್ದದ್ದು ವ್ಯಾನು, ಸೈಕಲ್ಲಾಗಿದ್ದರೆ, ರಸ್ತೆ ದಾಟುವ ಮುದುಕಿಯಾಗಿದ್ದರೆ — ಈ ಯೋಚನೆ ಇಲ್ಲಿಗೆ ಬಂದು ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ, ಕೈ ಕಾಲು ತಣ್ಣಗಾಗುವುದೂ ಇಲ್ಲ, ಬೇರೆ ಯಾರದೋ ಸುದ್ದಿ ಪೇಪರಿನಲ್ಲಿ ಓದಿದ ಹಾಗೆ.

ಡಿಕ್ಕಿಯಾದ ಮೇಲೆ ತೋರಿಸಿಕೊಳ್ಳಲು ಹೋದಾಗ ಹೃದಯದ ಡಾಕ್ಟರಮ್ಮ ಇಸಿಜಿಯ ಹಾಳೆ ಮೇಜಿನ ಮೇಲೆ ಹಾಸಿದ್ದಳು, ಗೆರೆಗಳು ಒಂದೆಡೆ ಒತ್ತೊತ್ತಾಗಿ, ಒಂದೆಡೆ ದೂರ ದೂರ, ಹಾಳು ರೂಟಿನ ಬಸ್ಸುಗಳ ಹಾಗೆ, ಬರದಿದ್ದರೆ ಬರುವುದೇ ಇಲ್ಲ, ಬಂದರೆ ಮೂರು ಒಟ್ಟಿಗೆ, ಲಯ ತಪ್ಪಿದೆ ಅಂದಳು, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಬೇಕು ಅಂದಳು, ಆಮೇಲೆ ಪೆನ್ನು ಕೆಳಗಿಟ್ಟು ಗೊರಕೆ ಹೊಡೀತೀರಾ ಅಂತ ಕೇಳಿದಳು. ಇಲ್ಲ ಅಂದಳು ಇವಳು, ಕೇಳುವ ಮೊದಲೇ ಸಿದ್ಧವಾಗಿದ್ದ ಇಲ್ಲ. ಪಕ್ಕದಲ್ಲಿ ಗಂಡ ಗಂಟಲು ಸರಿಮಾಡಿಕೊಂಡ, ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕೂತು ಗಾಜು ಉಜ್ಜುವ ಮನುಷ್ಯ, ಮಾತೆಂದರೆ ಮೈಲಿ ದೂರ, ಅವನು ಬಾಯಿ ತೆರೆದಾಗಲೇ ಅವಳಿಗೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿಯಬೇಕೆನಿಸಿತು. ಇವಳಿಗೆ ಗೊತ್ತಿಲ್ಲ ಡಾಕ್ಟ್ರೇ ಅಂದ ಅವನು. ಗೊರಕೆ ಇರುತ್ತೆ, ಆಮೇಲೆ ಉಸಿರೇ ನಿಂತುಬಿಡುತ್ತೆ. ನಾನು ಎದ್ದು ಕೂತು ಕಾಯ್ತೀನಿ. ಬರದಿದ್ರೆ ಹೆಗಲು ಮುಟ್ತೀನಿ, ಆಗ ಬರುತ್ತೆ. ಯಾವಾಗಿನಿಂದ ಅಂತ ಡಾಕ್ಟರಮ್ಮ. ಮಗಳು ಇನ್ನೂ ಕಾಲೇಜಿಗೆ ಹೋಗ್ತಿದ್ಲು ಅಂತ ಗಂಡ.

ಆಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದ್ದೆಲ್ಲ ಕಿವಿಗೆ ಬಿತ್ತು — ಗಂಟಲು ಮುಚ್ಚಿಕೊಳ್ಳುತ್ತೆ, ಎದೆ ಒಳಗಿಂದ ಎಳೆಯುತ್ತಲೇ ಇರುತ್ತೆ, ಮುಚ್ಚಿದ ಬಾಗಿಲನ್ನು ಜಗ್ಗಿದ ಹಾಗೆ, ಆ ಜಗ್ಗಾಟಕ್ಕೆ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಮೆದುಳು ಹೆದರಿ ಎಬ್ಬಿಸುತ್ತೆ, ಹೃದಯ ಗಾಬರಿಯಿಂದ ಓಡುತ್ತೆ, ನಿದ್ದೆ ಅಂತ ನೀವಂದುಕೊಂಡಿದ್ದು ನಿದ್ದೆಯಲ್ಲ, ವರ್ಷಗಟ್ಟಲೆ ಹೀಗಾದರೆ ಹೃದಯ ಎಣಿಕೆ ತಪ್ಪುತ್ತೆ. ಅವಳನ್ನು ಆಸ್ಪತ್ರೆಯಲ್ಲಿ ಮಲಗಿಸಿ ಎದೆಗೆ ಕರೆಂಟು ಕೊಟ್ಟು ಲಯವನ್ನು ಹಳಿಗೆ ತಂದರು, ಎಚ್ಚರವಾದಾಗ ಎದೆಯ ಮೇಲೆ ಇಸ್ತ್ರಿ ತಾಗಿದಂಥ ಕೆಂಪು ಗುರುತು, ಗುಬ್ಬಿ ಇರಲಿಲ್ಲ, ಆದರೆ ನಿದ್ದೆ ಸರಿಹೋಗದಿದ್ದರೆ ಇದು ಮತ್ತೆ ಹಳಿ ತಪ್ಪುತ್ತೆ ಅಂತ ಡಾಕ್ಟರಮ್ಮ ಎಚ್ಚರಿಸಿದಳು, ಗಂಟಲು ಮುಚ್ಚದ ಹಾಗೆ ಗಾಳಿ ಊದುವ ಮಷಿನ್ ಮನೆಗೇ ತಂದುಕೊಡ್ತಾರೆ, ಮಲಗುವಾಗ ಅದರ ಮಾಸ್ಕ್ ಬಿಡಬೇಡಿ, ಚೆನ್ನಾಗಿ ಹೊಂದಿಕೊಂಡರೆ ಡ್ರೈವಿಂಗ್ ವಿಷಯ ಆಮೇಲೆ ನೋಡೋಣ. ನೋಡೋಣ ಅಂದರೆ ಏನೆಂದು ಅವಳು ಕೇಳಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಗಂಡನ ಕಡೆ ತಿರುಗದೆ ಕೇಳಿದ್ದು ಒಂದೇ, ಯಾಕ್ರೀ ನಂಗೆ ಹೇಳ್ಲಿಲ್ಲ ನೀವು. ಅವನು ಆಟೋದ ಕಂಬಿ ಹಿಡಿದುಕೊಂಡ. ಹೇಳಿದ್ರೆ ನೀನು ನಾಚಿಕೊಂಡು ಬೇರೆ ಕೋಣೆಗೆ ಹೋಗ್ತಿದ್ದೆ ಅಂದ. ಅಲ್ಲಿ ಯಾರು ಮುಟ್ಟೋರು.

ಹೋಗುತ್ತಿದ್ದಳು, ಖಂಡಿತ ಹೋಗುತ್ತಿದ್ದಳು, ಅವತ್ತೇ ದಿಂಬು ಎತ್ತಿಕೊಂಡು — ಹೇಳಿದ್ದರೆ ಆಗಲೇ ಆಸ್ಪತ್ರೆಗೆ ಹೋಗಬಹುದಿತ್ತು ಅಂತಲೂ ಅನ್ನಿಸುತ್ತದೆ, ಎರಡೂ ನಿಜ, ಎರಡರಲ್ಲಿ ಯಾವುದೂ ಎದೆಗೆ ತಾಗುವುದಿಲ್ಲ, ಅಂಗಡಿಯಲ್ಲಿ ತೂಕಡಿಸುತ್ತೀರಂತೆ, ಗಿರಾಕಿಗಳು ನಗ್ತಾರಂತೆ, ಸೋಮಾರಿತನಕ್ಕೂ ಒಂದು ಮಿತಿ ಬೇಡವೇ ಅಂತ ಅವನಿಗೆ ಎಷ್ಟು ಸಲ ಅಂದಿದ್ದಾಳೆ, ಹೂಂ ಅನ್ನುತ್ತಿದ್ದ, ಮತ್ತೊಂದು ಗಾಜು ತೆಗೆದುಕೊಂಡು ಉಜ್ಜುತ್ತಿದ್ದ. ಡಾಕ್ಟರಮ್ಮನ ಕೋಣೆಯಿಂದ ಬಂದ ಮೇಲೆ ಅದೊಂದೇ ಕಣ್ಣಿಗೆ ಕಟ್ಟಿದೆ, ಅವಳು ಎಂದೂ ನೋಡದ್ದು, ನೋಡಲು ಸಾಧ್ಯವೇ ಇಲ್ಲದ್ದು — ಎದ್ದು ಕೂತ ಗಂಡ, ಬಾಗಿದ ಬೆನ್ನು, ಅವಳ ಹೆಗಲಿನ ಮೇಲೆ, ತಾಗದ ಹಾಗೆ, ಇಷ್ಟೇ ಎತ್ತರದಲ್ಲಿ ಹಿಡಿದ ಕೈ. ಈಗ ಅಡುಗೆಮನೆಯಲ್ಲಿ ನಲ್ಲಿ ನಿಂತಿತು, ಸ್ಟೂಲು ಎಳೆದ ಸದ್ದು, ಪಕ್ಕಕ್ಕೆ ಬಂದು ಕೂತ, ಸೋಪಿನ ವಾಸನೆ, ಗಾಳಿ ಬರುತ್ತಿದೆ, ಹೋಗುತ್ತಿದೆ, ಕಣ್ಣು ತಾನಾಗಿ ಮುಚ್ಚುತ್ತಿದೆ, ಒಂದು ಮಿಡಿತ, ಮತ್ತೊಂದು, ಸರಿಯಾಗಿ ಟೈಮಿಗೆ ಬರುತ್ತಿವೆ, ನಿದ್ದೆಯ ಅಂಚಿನಿಂದ ಒಮ್ಮೆ ಜಾರಿದ್ದಳೋ ಏನೋ, ರೆಪ್ಪೆ ಅರ್ಧ ತೆರೆದಾಗ ಅವನ ಕೈ ಎದ್ದಿತ್ತು, ಉಸಿರು ನಿಂತಿಲ್ಲ, ಮಷಿನ್ ಊದುತ್ತಲೇ ಇದೆ, ಮುಟ್ಟುವ ಅಗತ್ಯವಿಲ್ಲ ಅಂತ ಅವನಿಗೂ ಗೊತ್ತು, ಕೆಳಗಿಳಿಸಲು ತಿಳಿಯದೆ ಹಾಗೇ ಹಿಡಿದಿದ್ದಾನೆ, ಅವಳು ಅಲುಗಲಿಲ್ಲ — ಕೈ, ಬೆರಳ ತುದಿಯಲ್ಲಿ ಇನ್ನೂ ಒಂದು ಹನಿ ನೀರು, ಹೆಗಲಿಗೆ ತಾಗದ ಹಾಗೆ, ಕೈ