ಒಂದು ಮಿಲಿಮೀಟರ್

ಕಿತ್ತ ಹಲ್ಲುಗಳ ಮೂರನೇ ಗುಂಪಿನ ಇಪ್ಪತ್ತರಲ್ಲಿ ಹತ್ತನ್ನು ಸೀಳಿ ನೋಡಿದೆ. ಅದ್ದಿಟ್ಟಿದ್ದ ನೀಲಿ ಬಣ್ಣ ಒಂದರಲ್ಲೂ ಒಳಗಿಳಿದಿರಲಿಲ್ಲ. ಉಳಿದೆರಡು ಗುಂಪುಗಳಲ್ಲಿ ಫಿಲ್ಲಿಂಗಿನ ಅಂಚಿನಿಂದ ಬಣ್ಣ ಒಳಗೆ ನುಗ್ಗಿತ್ತು. ಯಾವ ಫಿಲ್ಲಿಂಗಾದರೂ ಅಷ್ಟಿಷ್ಟು ಸೋರುತ್ತದೆ. ಯಾವುದು ಎಷ್ಟು ಸೋರುತ್ತದೆ ಎನ್ನುವುದೇ ನನ್ನ ಎರಡು ವರ್ಷದ ಪ್ರಬಂಧ. ಮೂರನೇ ಗುಂಪಿಗೆ ತುಂಬಿದ ಈ ಹೊಸ ಸಾಮಗ್ರಿಯೊಂದೇ ಏನೂ ಆಗದ ಹಾಗೆ ಬೆಳ್ಳಗೆ ಕೂತಿತ್ತು.

ಅನುಮಾನ ಬಂದು, ಇನ್ನೂ ಸೀಳದ ಒಂದು ಹಲ್ಲನ್ನು ಉಗುರಿನಿಂದ ಕೆರೆದೆ. ತೆಳ್ಳನೆಯ ಪೊರೆ ಸುಲಿದು ಬಂತು. ನೇಲ್ ಪಾಲಿಶ್. ಬಣ್ಣದಲ್ಲಿ ಅದ್ದುವ ಮೊದಲು ಹಲ್ಲಿಗೆಲ್ಲ ಅದನ್ನು ಬಳಿಯುತ್ತೇವೆ. ಫಿಲ್ಲಿಂಗನ್ನೂ ಅದರ ಸುತ್ತ ಒಂದು ಮಿಲಿಮೀಟರನ್ನೂ ಮಾತ್ರ ಬಿಡುತ್ತೇವೆ. ಬಣ್ಣ ಅಲ್ಲಿಂದಲೇ ಒಳಹೋಗಬೇಕು. ಇಲ್ಲಿ ಅದನ್ನೂ ಮುಚ್ಚಿದ್ದರು. ಕೊಡೆ ಹಿಡಿದು ನಿಂತು, ನಾನು ಮಳೆಗೆ ನೆನೆಯುವವನೇ ಅಲ್ಲ ಎಂದ ಹಾಗೆ.

ಬಳಿದದ್ದು ಲ್ಯಾಬಿನ ಅಕ್ಕ. ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಆಕೆ ಒರೆಸುತ್ತಿದ್ದ ಟ್ರೇ ಕೆಳಗಿಡಲೂ ಇಲ್ಲ.

"ಇಪ್ಪತ್ತು ವರ್ಷದಿಂದ ಬಳೀತಿದೀನಿ ಡಾಕ್ಟ್ರೇ. ಮೂರನೇದಕ್ಕೆ ಪೂರ್ತಿ ಬಳಿ ಅಂದಿದ್ದು ನಿಮ್ಮ ಗೈಡು. ಅವರಿಗೆ ಬೈಯೋಕಾಗಲ್ಲ ಅಂತ ನನ್ನ ಮೇಲೆ ಹಾರ್ತೀರಾ?"



ಉಳಿದ ಹತ್ತು ಹಲ್ಲುಗಳ ಅಂಚು ಕೆರೆದು, ಮತ್ತೊಂದು ದಿನ ಬಣ್ಣದಲ್ಲಿಟ್ಟು ಸೀಳಿದೆ. ಎಂಟರಲ್ಲಿ ನೀಲಿ ಕುಳಿಯ ತಳ ಮುಟ್ಟಿತ್ತು. ಮೂರು ಸಾಮಗ್ರಿಗಳಲ್ಲಿ ಇದೇ ಕಳಪೆ. ಇದನ್ನೇ ಗೈಡು ಕಂಡ ಕಂಡ ಸಭೆಗಳಲ್ಲೆಲ್ಲ ಹೊಗಳಿಕೊಂಡು ಬಂದಿದ್ದರು.

ಅವರು ಮೈಕ್ರೋಸ್ಕೋಪಿನಲ್ಲಿ ಒಂದೇ ಹಲ್ಲು ನೋಡಿದರು. ಎರಡನೇ ಸಲ ಅದ್ದಿದ ಹಲ್ಲು ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಹತ್ತನ್ನೇ ಬರಿ ಎಂದರು. ಶುಕ್ರವಾರದೊಳಗೆ ತಮ್ಮ ಸಹಿ ಬೀಳದಿದ್ದರೆ ಈ ವರ್ಷ ಪರೀಕ್ಷೆಯಿಲ್ಲ ಎಂದೂ ನೆನಪಿಸಿದರು.

"ನೋಡಮ್ಮ, ಕಿತ್ತ ಹಲ್ಲು ಎಲ್ಲೂ ಹೋಗಿ ಸಾಕ್ಷಿ ಹೇಳಲ್ಲ."

"ಬಾಯಲ್ಲಿರೋ ಹಲ್ಲು ಹೇಳತ್ತೆ ಸರ್. ಇದನ್ನ ತುಂಬಿಸ್ಕೊಂಡೋರು ನೋವು ಅಂತ ಬರೋದು ನಿಮ್ಮ ಹತ್ರ ಅಲ್ಲ, ನಮ್ಮ ಹತ್ರ."

ಎರಡೂ ಹತ್ತನ್ನು ಬರೆದೆ. ಮೊದಲ ಹತ್ತು ಯಾಕೆ ಸುಳ್ಳು ಎಂದು ಕೆಳಗೇ ಬರೆದೆ. ಅವರು ಸಹಿ ಮಾಡಲಿಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ನನ್ನ ನಂಬರ್ ಬರಲಿಲ್ಲ. ಬಂಡೆಗೆ ತಲೆ ಚಚ್ಚಿಕೊಂಡರೆ ಬಂಡೆಗೇನಾಗುತ್ತೆ ಎಂದು ಜೊತೆಯವರು ಬುದ್ಧಿ ಹೇಳಿದರು. ಅವರ ಪ್ರಬಂಧಗಳಿಗೆಲ್ಲ ಸಹಿ ಬಿದ್ದಿತ್ತು.

ಸೋಮವಾರ ಹಲ್ಲು ಕೀಳುವ ಕೋಣೆಯಲ್ಲಿ ಖಾಲಿ ಡಬ್ಬಿ ಇಟ್ಟು, ಮತ್ತೆ ಅರವತ್ತು ಬೇಕು ಎಂದೆ. ಮೊದಲ ದಿನ ನಾಲ್ಕು ಸಿಕ್ಕವು. ಎರಡು ಬಿರುಕು ಬಿಟ್ಟಿದ್ದವು. ಎಸೆದೆ.