ಹನ್ನೊಂದನೇ ಮಂಚದ ಬಳೆ

ನಾನು ಒಂದು ಕಬ್ಬಿಣದ ಮಂಚ. ಹುಬ್ಬಳ್ಳಿಯ ಒಂದು ಕುಲುಮೆಯಲ್ಲಿ ಹುಟ್ಟಿದೆ. ಯಾವುದಾದರೂ ಮದುವೆ ಮನೆಗೆ ಹೋಗುತ್ತೇನೆಂದು ಆಸೆಪಟ್ಟಿದ್ದೆ. ನನಗೆ ಬಿಳಿ ಬಣ್ಣ ಬಳಿದು, ಹನ್ನೊಂದು ಎಂದು ನಂಬರು ಬರೆದು, ಗುಡ್ಡದ ಮೇಲಿನ ಕ್ಷಯರೋಗದ ಆಸ್ಪತ್ರೆಗೆ ಸಾಗಿಸಿದರು. ಹೆಂಗಸರ ವಾರ್ಡಿನ ಕಿಟಕಿಯ ಪಕ್ಕ ನನ್ನ ಜಾಗ.

ಆ ವಾರ್ಡಿನಲ್ಲಿ ಒಂದು ಪದ್ಧತಿಯಿತ್ತು. ಗುಣವಾಗಿ ಮನೆಗೆ ಹೊರಟವಳು ಮಂಚದ ತಲೆದೆಸೆಯ ಕಂಬದ ಮೇಲಿನ ಹಿತ್ತಾಳೆ ಗುಂಡನ್ನು ತಿರುಗಿಸಿ ತೆಗೆದು, ತನ್ನ ಕೈಯ ಒಂದು ಬಳೆಯನ್ನು ಆ ಕಂಬಕ್ಕೆ ತೊಡಿಸಿ ಹೋಗುತ್ತಿದ್ದಳು. ಹೊಸಬರ ಕಣ್ಣು ಮೊದಲು ಹೋಗುತ್ತಿದ್ದದ್ದು ಬಳೆಗಳ ಮೇಲೆಯೇ. ಪಕ್ಕದ ಮಂಚಗಳಿಗೆ ಕೈತುಂಬ ಬಳೆ. ನನಗೆ ಒಂದೂ ಇರಲಿಲ್ಲ, ನನ್ನ ಮೇಲೆ ಮಲಗಿದ ಮೂವರೂ ಸತ್ತಿದ್ದರು. ತಪ್ಪು ನನ್ನದಲ್ಲ, ಆದರೂ ನಾಚಿಕೆಯಾಗುತ್ತಿತ್ತು.

ನಾಲ್ಕನೆಯವಳು ಬೆಟಗೇರಿಯ ನೇಕಾರರ ಹೆಂಗಸು, ತುಳಜವ್ವ. ಮನೆಯಲ್ಲಿ ಅವಳ ತಟ್ಟೆ, ಚಂಬು ಎಲ್ಲ ಬೇರೆ ಇಟ್ಟು ಕೊನೆಗೆ ಇಲ್ಲಿ ತಂದು ಬಿಟ್ಟಿದ್ದರು. ಅವಳು ಅಳಲಿಲ್ಲ. ಏಳು ತಿಂಗಳು ಸೂಜಿ ಚುಚ್ಚಿಸಿಕೊಂಡಳು, ವಾಕರಿಕೆ ಬಂದರೂ ಗುಳಿಗೆ ನುಂಗಿದಳು, ಮಗ್ಗ ಮರೆಯಬಾರದೆಂದು ಬರಿಗೈಯಲ್ಲೇ ಗಾಳಿಯಲ್ಲಿ ಲಾಳಿ ಎಸೆಯುತ್ತಿದ್ದಳು. ನಾಳೆ ಗಂಡ ಕರೆದೊಯ್ಯಲು ಬರುತ್ತಾನೆ ಎನ್ನುವಾಗ, ಮಧ್ಯಾಹ್ನ ಎಲ್ಲರೂ ಕಣ್ಣು ಮುಚ್ಚಿ ಮಲಗಿದ್ದ ವಿಶ್ರಾಂತಿಯ ಹೊತ್ತಿನಲ್ಲಿ, ಬಾಯಿಂದ ರಕ್ತ ಬಂದು ಸತ್ತಳು. ನಾಲ್ಕು ಗಂಟೆಯಾಗಿತ್ತು.

ಆಯಾ ಎಸ್ತೇರವ್ವ ಪರದೆ ಎಳೆದು ಹೆಣವನ್ನು ಸದ್ದಿಲ್ಲದೆ ಸಾಗಿಸಿದಳು. ಅದಕ್ಕೂ ಮೊದಲು ಅವಳೊಂದು ಕೆಲಸ ಮಾಡಿದಳು. ಮುತ್ತೈದೆಯಾಗಿ ಸತ್ತವಳ ಕೈಬಳೆ ಮುಟ್ಟಬಾರದೆಂದು ಊರವರು ಹೇಳುತ್ತಾರೆ. ಎಸ್ತೇರವ್ವ ಅದನ್ನು ಲೆಕ್ಕಿಸಲಿಲ್ಲ. ತುಳಜವ್ವನ ಒಂದು ಹಸಿರು ಬಳೆ ಬಿಚ್ಚಿ ನನ್ನ ಕಂಬಕ್ಕೆ ತೊಡಿಸಿ, ಅವಳು ಗುಣವಾಗಿ ಒಂದು ದಿನ ಮೊದಲೇ ಊರಿಗೆ ಹೋದಳೆಂದು ವಾರ್ಡಿಗೆ ಹೇಳಿದಳು. ಮರುದಿನ ನಾಲ್ಕು ಗಂಟೆಗೆ, ಎಲೆ ಅಲುಗದ ಸೆಕೆಯಲ್ಲಿ, ಆ ಬಳೆ ತನ್ನಷ್ಟಕ್ಕೆ ಕಿಣ್ ಎಂದಿತು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ.

ಆಮೇಲೆ ದಾಕ್ಷಾಯಣಿ ಬಂದಳು. ಎರಡು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದವಳು. ಬದುಕುವ ಆಸೆ ಬಿಟ್ಟಿದ್ದಳು, ಗುಳಿಗೆಗಳನ್ನು ನನ್ನ ಹಾಸಿಗೆಯ ಕೆಳಗೆ ತುರುಕುತ್ತಿದ್ದಳು. ಎಸ್ತೇರವ್ವ ಅವಳ ಕಾಲ ಹತ್ತಿರ ಕುಳಿತು ತುಳಜವ್ವನ ಕಥೆ ಹೇಳಿದಳು. ಬೇರೆಯಿಟ್ಟ ತಟ್ಟೆ, ಸೂಜಿ, ಗಾಳಿಯಲ್ಲಿ ಎಸೆದ ಲಾಳಿ, ಎಲ್ಲ ನಿಜ. ನಡೆದುಕೊಂಡೇ ಗೇಟು ದಾಟಿದಳು ಎಂಬುದೊಂದು ಮಾತ್ರ ಸುಳ್ಳು.

ಅಂದು ನಾಲ್ಕು ಗಂಟೆಗೆ ಬಳೆ ಸದ್ದು ಮಾಡಿದಾಗ ದಾಕ್ಷಾಯಣಿ ಎದ್ದು ಕುಳಿತಳು. "ತುಳಜವ್ವ ಕರಿಯಾಕತ್ತಾಳ," ಎಂದು ಗುಳಿಗೆ ನುಂಗಿದಳು.

ನನ್ನ ಕಬ್ಬಿಣವೆಲ್ಲ ತಣ್ಣಗಾಯಿತು. ಸತ್ತವಳು ಕರೆದರೆ ಎಲ್ಲಿಗೆ ಕರೆಯುತ್ತಾಳೆ? ದಿನವೂ ಬಳೆ ಕರೆಯಿತು, ದಿನವೂ ದಾಕ್ಷಾಯಣಿ ಗುಳಿಗೆ ನುಂಗಿದಳು. ನಾನು ಹೆದರಿಕೊಂಡೇ ಅವಳನ್ನು ಹೊತ್ತೆ. ತಿಂಗಳುಗಳು ಕಳೆದಂತೆ ಅವಳು ಭಾರವಾಗತೊಡಗಿದಳು. ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಗುಣವಾದ ದಾಕ್ಷಾಯಣಿ ನನಗೆ ತನ್ನ ಕೆಂಪು ಬಳೆ ತೊಡಿಸಿ, ತುಳಜವ್ವನನ್ನು ಕಂಡು ಕೈಮುಗಿಯಬೇಕೆಂದು ನೇರ ಬೆಟಗೇರಿಗೆ ಹೋದಳು. ತಿಂಗಳ ನಂತರ ತಪಾಸಣೆಗೆ ಬಂದಾಗ ಅವಳ ಮುಖದಲ್ಲಿ ನಗುವಿರಲಿಲ್ಲ. ನನ್ನ ಮೇಲೆ ಆಗ ಫಕೀರವ್ವ ಎಂಬ ಹೊಸ ಹುಡುಗಿ ಮಲಗಿದ್ದಳು, ಗೋಡೆಗೆ ಮುಖ ಮಾಡಿ. ಎಸ್ತೇರವ್ವ ಅವಳಿಗೂ ತುಳಜವ್ವನ ಅದೇ ಕಥೆ ಹೇಳಿದ್ದಳು. ಬಾಗಿಲಲ್ಲಿ ಎಸ್ತೇರವ್ವ ತಲೆ ತಗ್ಗಿಸಿ ನಿಂತಳು.

"ಮನಿಯಾಗ ತುಳಜವ್ವನ ಫೋಟೊಕ್ಕ ಮಾಲಿ ಹಾಕ್ಯಾರ, ಎಸ್ತೇರವ್ವಾರ," ಎಂದಳು ದಾಕ್ಷಾಯಣಿ.

ಎಸ್ತೇರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಫಕೀರವ್ವ ಥಟ್ಟನೆ ತಿರುಗಿದಳು. "ಹಂಗಾದ್ರ ದಿನಾ ಬಳಿ ಅಲಗಸೋರು ಯಾರ್ರೀ ಅಕ್ಕಾರ?"

ಈಗ ಈ ಹುಡುಗಿಯೂ ಕೈಬಿಟ್ಟು ಹೋಗುತ್ತಾಳೆ ಎಂದುಕೊಂಡೆ. ದಾಕ್ಷಾಯಣಿ ಅವಳ ಪಕ್ಕ ಕುಳಿತು, ಈ ಬಾರಿ ಸತ್ತದ್ದನ್ನೂ ಬಿಡದೆ, ಇಡೀ ಕಥೆ ಹೇಳಿದಳು. ಕೊನೆಗೆ ಹೇಳಿದಳು: "ಆಕಿನ ಅಲಗಸ್ತಾಳ. ಮನಿಗೆ ಹೋಗೋ ಆಸೆ ಆಕಿಗೆ ಭಾಳ ಇತ್ತು. ಅದಕ್ಕ ನಮ್ಮನ್ನರ ಕಳಸಾಕ ಇಲ್ಲೇ ಕುಂತಾಳ."

ಫಕೀರವ್ವ ಗುಳಿಗೆಗೆ ಕೈ ಚಾಚಿದಳು. ಅವಳೂ ಗುಣವಾದಳು. ಅವಳ ನಂತರ ಇನ್ನೂ ಆರು ಮಂದಿ.

ಈಗ ಆಸ್ಪತ್ರೆ ಮುಚ್ಚಿದೆ. ಹಿಂದಿನ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಬಳೆಗಳನ್ನು ಯಾರೋ ಒಡೆದು ಹಾಕಿದರು. ಆದರೆ ಮಧ್ಯಾಹ್ನ ನಾಲ್ಕಾದ ಮೇಲೆ ನನ್ನ ಮೇಲೆ ಒಂದು ಭಾರ ಬಂದು ಮಲಗುತ್ತದೆ, ತೆಳ್ಳಗಿನ ಒಬ್ಬ ಹೆಂಗಸಿನಷ್ಟು. ಕಳಿಸಬೇಕಾದವರನ್ನೆಲ್ಲ ಕಳಿಸಿ ದಣಿದಿದ್ದಾಳೆ. ನಾನು ಅಲುಗದೆ ಹೊತ್ತಿರುತ್ತೇನೆ. ಮುಂದಿನ ವಾರ ಗುಜರಿಯವರು ಬರುತ್ತಾರಂತೆ. ನನ್ನನ್ನು ಕರಗಿಸಲಿ, ಆ ಬೇಸರವಿಲ್ಲ. ಅವಳು ಎಲ್ಲಿ ಮಲಗಬೇಕು?