ಹಾರ್ಟ್‌ವೆಲ್ ಕೌಂಟಿಯ ಬ್ಯಾಚುಲರ್

ವೀಸಾ ಕಚೇರಿಯ ಗಾಜಿನ ಕಿಟಕಿಯ ಆಚೆ ಕುಳಿತಿದ್ದ ಅಮೆರಿಕದ ಹೆಂಗಸು ಹಾರ್ಟ್‌ವೆಲ್ ಕೌಂಟಿಯ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗೇಬ್ರಿಯಲ್ ಉತ್ತರಗಳನ್ನೆಲ್ಲ ನಾಲಗೆಯ ತುದಿಯಲ್ಲಿಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ ಹೆಂಡತಿ ಗರ್ಟ್ರೂಡ್, ಅವಳ ಕೈ ಹಿಡಿದುಕೊಂಡು ಮಗಳು ನತಾಶಾ. ಆ ಕೌಂಟಿಯ ಆಸ್ಪತ್ರೆಯೊಂದರಲ್ಲಿ ಗರ್ಟ್ರೂಡ್‌ಗೆ ನರ್ಸ್ ಕೆಲಸ ಸಿಕ್ಕಿತ್ತು. ಅವಳ ಜೊತೆ ಗಂಡನಿಗೂ ಮಗಳಿಗೂ ವೀಸಾ ಆದರೆ ಮೂವರೂ ಒಂದೇ ಸೂರಿನಡಿ ಬದುಕಬಹುದಿತ್ತು. ಮದುವೆಯಾದಂದಿನಿಂದ ಅವರಿಗೆ ಆ ಭಾಗ್ಯ ಇರಲಿಲ್ಲ.

ಹೋಗುವ ಜಾಗದ ಬಗ್ಗೆ ಕೇಳಿಯೇ ಕೇಳುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ, ಗೇಬ್ರಿಯಲ್ ತಾನು ದುಡಿಯುತ್ತಿದ್ದ ಗಲ್ಫಿನ ರುವೈಸ್‌ನ ಕಂಪನಿ ಕೋಣೆಯಲ್ಲಿ ಕುಳಿತು ವರ್ಷವಿಡೀ ಆ ಕೌಂಟಿಯನ್ನು ಓದಿದ್ದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದೆಂದರೆ ಇದೇ. ಮೊದಲು ಹತ್ತಿಯ ಹೊಲ, ಆಮೇಲೆ ಗಿರಣಿ, ಆಮೇಲೆ ಹತ್ತಿ ಸಾಗಿಸುವ ಗೂಡ್ಸ್ ರೈಲು. ಕೊನೆಗೆ ದೊಡ್ಡ ನಗರದ ಗಲಾಟೆ ಬೇಡವೆಂದು ಬಂದವರು ಕಟ್ಟಿಕೊಂಡ ಸಾಲು ಸಾಲು ಮನೆಗಳು. ಅಲ್ಲಿನ ಕೆರೆ ಹುಟ್ಟಿದ್ದು ಅಣೆಕಟ್ಟಿನಿಂದ, ಅದರ ತಳದಲ್ಲಿ ಒಂದು ಹಳೆಯ ಊರೇ ಮುಳುಗಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕೌಂಟಿಯ ಸಭೆಗಳನ್ನು ಯೂಟ್ಯೂಬಿನಲ್ಲಿ ಕೂಡ ನೋಡುತ್ತಿದ್ದ. ಊರಿನ ಮತದಾರರ ಪಟ್ಟಿಯಿಂದ ಅವನ ಹೆಸರು ಎಂದೋ ಹಾರಿಹೋಗಿತ್ತು. ದುಡಿಯುವ ದೇಶದಲ್ಲಿ ಮತದ ಮಾತೇ ಇಲ್ಲ. ಹಾರ್ಟ್‌ವೆಲ್‌ನಲ್ಲಿ ಮಾತ್ರ ಯಾರು ಗೆಲ್ಲಬೇಕೆಂಬ ಬಗ್ಗೆ ಅವನಿಗೆ ಖಚಿತ ಅಭಿಪ್ರಾಯವಿತ್ತು.

"ಈ ಸಲವೂ ರೈಲು ಬೇಡ ಅಂತ ವೋಟ್ ಹಾಕಿದ್ದಾರೆ ಮಾರಾಯ. ನಗರದಿಂದ ಒಂದು ರೈಲು ಬಂದ್ರೆ ಇವರಿಗೆ ಎಂತ ನಷ್ಟ?" ಎಂದು ಒಮ್ಮೆ ಕೋಣೆಯ ಜೊತೆಗಾರ ಮಸೂದ್‌ನ ಹತ್ತಿರ ಸಂಕಟಪಟ್ಟಿದ್ದ.

ಮಸೂದ್ ಉಳ್ಳಾಲದ ಬ್ಯಾರಿ. ಅಂಗಿಗೆ ಇಸ್ತ್ರಿ ಹಾಕುತ್ತಲೇ ನಕ್ಕಿದ್ದ. "ರೈಲು ಬಂದ್ರೆ ಅದ್ರಲ್ಲಿ ಜನ ಬರ್ತಾರಲ್ಲ ಗೇಬ್ರಿಯಲಣ್ಣ. ನಮ್ಮಂಥ ಜನ. ಅದೇ ಹೆದರಿಕೆ ಅವರಿಗೆ. ನೀವು ಅವರ ಪರವಾ, ರೈಲಿನ ಪರವಾ?"

"ನಾನು ವಿಮಾನದಲ್ಲಿ ಹೋಗುವವ" ಎಂದಿದ್ದ ಗೇಬ್ರಿಯಲ್, ಸ್ವಲ್ಪ ಬಿಗುಮಾನದಿಂದಲೇ.

ಕಿಟಕಿಯಾಚೆಯ ಹೆಂಗಸು ಮದುವೆಯ ಸರ್ಟಿಫಿಕೇಟನ್ನು ಬದಿಗಿಟ್ಟು, ನೀವಿಬ್ಬರೂ ಒಟ್ಟಿಗೆ ವಾಸಿಸುತ್ತಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನೋ ಮೇಡಮ್. ಶಿ ಈಸ್ ಇನ್ ಹಮ್ದಾನ್ ಸ್ಟ್ರೀಟ್. ಇನ್ ರುವೈಸ್ ಐ ಆಮ್ ಬ್ಯಾಚುಲರ್."

ಅವಳ ಕೈ ಕೀಬೋರ್ಡಿನ ಮೇಲೆ ನಿಂತಿತು. "ಬ್ಯಾಚುಲರ್?"

"ಯೆಸ್ ಮೇಡಮ್. ಸಿನ್ಸ್ ಟೆನ್ ಇಯರ್ಸ್."

ಗಲ್ಫಿನಲ್ಲಿ ಇದು ನಗುವ ಮಾತಲ್ಲ. ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳಲು ಕಂಪನಿ ಬಿಡದ ಗಂಡಸು, ಮೊಮ್ಮಕ್ಕಳನ್ನು ಕಂಡಿದ್ದರೂ ಬ್ಯಾಚುಲರ್. ಅವನ ಕೋಣೆ ಬ್ಯಾಚುಲರ್ ರೂಮು, ಅವನ ಸಂಬಳ ಬ್ಯಾಚುಲರ್ ಸಂಬಳ. ಹತ್ತು ವರ್ಷ ಹಾಗೆ ಕರೆಸಿಕೊಂಡವನಿಗೆ ಆ ಪದಕ್ಕೆ ಬೇರೆ ಅರ್ಥವಿದೆ ಎಂಬುದೇ ಮರೆತುಹೋಗಿತ್ತು. ಗರ್ಟ್ರೂಡ್‌ಗೆ ತಕ್ಷಣ ನೆನಪಾಯಿತು. ಅವಳು ಬಿಡಿಸಿ ಹೇಳಲು ಹೋದಷ್ಟೂ ಅದು ಕಟ್ಟುಕತೆಯಂತೆ ಕೇಳಿಸಿತು. ಒಟ್ಟಿಗೆ ಸಂಸಾರ ಮಾಡಿದ್ದಕ್ಕೆ ಪುರಾವೆ ತನ್ನಿ ಎಂದಳು ಆ ಹೆಂಗಸು, ತುಂಬ ಮರ್ಯಾದೆಯಿಂದ. ತಾಯಿ ಮಗಳ ವೀಸಾ ಆಯಿತು. ಗೇಬ್ರಿಯಲನದನ್ನು ತಡೆಹಿಡಿಯಲಾಯಿತು.

ಪುರಾವೆ ತರುವುದೆಲ್ಲಿಂದ? ರುವೈಸ್‌ನಿಂದ ದೂರ, ಪಟ್ಟಣದ ಹಮ್ದಾನ್ ಸ್ಟ್ರೀಟಿನ ಫ್ಲ್ಯಾಟು ಅಗಾತಾ ಎಂಬವಳ ಹೆಸರಿನಲ್ಲಿತ್ತು. ಅದರ ಒಂದು ಕೋಣೆಯಲ್ಲಿ ಗರ್ಟ್ರೂಡ್ ಮಗಳೊಂದಿಗೆ ಗುಟ್ಟಾಗಿ ಬಾಡಿಗೆಗಿದ್ದಳು. ಗುರುವಾರ ಸಂಜೆ ಕಂಪನಿ ಬಸ್ಸಿನಲ್ಲಿ ಬಂದು ಶನಿವಾರ ಮರಳುತ್ತಿದ್ದ ಗೇಬ್ರಿಯಲ್ ಅಲ್ಲಿ ಲೆಕ್ಕಕ್ಕೇ ಇಲ್ಲದ ಮನುಷ್ಯ. ವಾಚ್‌ಮನ್ ಕೇಳಿದರೆ ತಾನು ಅಗಾತಾಳ ಅಣ್ಣ ಎನ್ನುತ್ತಿದ್ದ.

"ಫ್ಯಾಮಿಲಿ ಇಟ್ಕೊಳ್ಲಿಕ್ಕೆ ಕಂಪನಿ ಬಿಡುದಿಲ್ಲ ಅಂತ ಹೇಳಿದ್ರೆ ಸಾಕಿತ್ತಲ್ಲ," ಎಂದಳು ಗರ್ಟ್ರೂಡ್ ಟ್ಯಾಕ್ಸಿಯಲ್ಲಿ. "ಆ ಕೌಂಟಿಯ ಕೆರೆ, ಹೊಳೆ, ರೈಲು ಎಲ್ಲ ಗೊತ್ತುಂಟು ನಿಮಗೆ. ಹೆಂಡ್ತಿ ಉಂಟು ಅಂತ ಹೇಳ್ಲಿಕ್ಕೆ ಬರುದಿಲ್ಲ."

"ಜಾಯಿನಿಂಗ್ ಸ್ವಲ್ಪ ಮುಂದೆ ಹಾಕು ಅಂತ ಕೇಳು."

"ಎರಡು ಸಲ ಹಾಕಿ ಆಯ್ತು. ಇನ್ನು ಕೇಳಿದ್ರೆ ಬೇರೆಯವರನ್ನು ತೆಗೊಳ್ತಾರೆ." ಅವಳು ಕಿಟಕಿಯ ಕಡೆ ತಿರುಗಿದಳು. "ನಾನು ಹೋಗ್ತೇನೆ. ನೀವು ಹಿಂದಿನಿಂದ ಬನ್ನಿ."

ಅವನಿಗೆ ಸಿಟ್ಟು ಬಂತು. ಬೇಡ, ಹೋಗಬೇಡ ಎನ್ನಬೇಕೆನಿಸಿತು. ಹಾಗೆನ್ನಲು ತನ್ನ ಹತ್ತಿರ ಮನೆಯಾದರೂ ಎಲ್ಲಿದೆ ಎಂದುಕೊಂಡ.

ಅವರು ಹೋಗಿ ವರ್ಷ ದಾಟಿತು. ಫೈಲಿನ ಸುದ್ದಿ ಕೇಳಿದರೆ ಪರಿಶೀಲನೆಯಲ್ಲಿದೆ ಎಂಬ ಒಂದೇ ಉತ್ತರ. ಗರ್ಟ್ರೂಡ್ ಮೊದಮೊದಲು ದಿನಾ ಫೋನ್ ಮಾಡುತ್ತಿದ್ದಳು, ಆಮೇಲೆ ಡ್ಯೂಟಿಯ ಕಾರಣ ಶನಿವಾರಗಳಲ್ಲಿ ಮಾತ್ರ.

ಅಂಥ ಒಂದು ಶನಿವಾರ ಸಂಜೆ, ಅಲ್ಲಿ ಬೆಳಗಾಗಿತ್ತು, ನತಾಶಾಳೇ ವಿಡಿಯೊ ಕಾಲ್ ಮಾಡಿದಳು. ಶಾಲೆಯಲ್ಲಿ ಹಾರ್ಟ್‌ವೆಲ್ ಕೌಂಟಿಯ ಇತಿಹಾಸವನ್ನು ಗೊತ್ತಿದ್ದವರೊಬ್ಬರಿಂದ ಕೇಳಿ, ಅವರ ಹೆಸರು ಹಾಕಿ ಬರೆಯುವ ಪ್ರಾಜೆಕ್ಟು ಕೊಟ್ಟಿದ್ದರು. ಗೇಬ್ರಿಯಲ್ ಮಂಚದ ಮೇಲೆ ನೆಟ್ಟಗೆ ಕುಳಿತ. ಮಸೂದ್ ಟಿವಿಯ ದನಿ ಇಳಿಸಿದ. ಗೇಬ್ರಿಯಲ್ ಹೊಲದಿಂದ ಹಿಡಿದು ಕೆರೆಯವರೆಗೆ ಎಲ್ಲ ಹೇಳಿದ. ನೀರು ತುಂಬುವ ಮೊದಲು ಆ ಹಳೆಯ ಊರಿನ ಇಗರ್ಜಿಯ ಹಿತ್ತಲಿನ ಗೋರಿಗಳನ್ನು ಅಗೆದು ಗುಡ್ಡದ ಮೇಲೆ ಹೂಳಿದ್ದನ್ನು ಹೇಳುವಾಗ ಅವನ ದನಿ ತಾನಾಗಿಯೇ ತಗ್ಗಿತು. ಮಗಳು ಬರೆದುಕೊಂಡಳು.

"ದಿಸ್ ಈಸ್ ಸೋ ಗುಡ್, ಡ್ಯಾಡಿ. ಬಟ್ ಮಿಸ್ ಹೇಳಿದ್ದಾರೆ, ಇಟ್ ಹ್ಯಾಸ್ ಟು ಬಿ ಸಮ್‌ಒನ್ ಹೂ ಲಿವ್ಸ್ ಹಿಯರ್. ನಾನು ಮಿಸ್ಟರ್ ಡೇಲ್ ಹೆಸರು ಹಾಕ್ತೇನೆ. ನೆಕ್ಸ್ಟ್ ಡೋರ್."

"ಅವರು ಅಲ್ಲಿಯವರೇ?"

"ನೋ, ಲಾಸ್ಟ್ ಇಯರ್ ಬಂದದ್ದು. ವೇಟ್, ಕೇಳಿ ಬರ್ತೇನೆ."

ಅವಳು ಫೋನನ್ನು ಕಿಟಕಿಗೆ ಒರಗಿಸಿ ಓಡಿದಳು. ಹಿಂದೆಲ್ಲೋ ಗರ್ಟ್ರೂಡ್ ಯಾರೊಂದಿಗೋ ಇಂಗ್ಲಿಷಿನಲ್ಲಿ ಮಾತಾಡುವುದು ಕೇಳುತ್ತಿತ್ತು. ಪರದೆಯಲ್ಲಿ ಹಸಿರು ಹುಲ್ಲು, ಅದರಾಚೆ ಖಾಲಿ ರಸ್ತೆ. ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಿ ದಪ್ಪನೆಯ ಮುದುಕನೊಬ್ಬ ನತಾಶಾಳ ಕಡೆ ಬಾಗಿದ. ಅವಳು ಏನೋ ಕೇಳಿದಳು. ಅವನು ತಲೆ ಕೆರೆದುಕೊಂಡು ಗೊತ್ತಿಲ್ಲವೆಂಬಂತೆ ಕೈಯಾಡಿಸಿದ. ಆಗ ಅವಳು ತನ್ನ ಹಾಳೆಯನ್ನು ನೋಡಿಕೊಂಡು, ಕೈ ಬೀಸಿ ಬೀಸಿ ಅವನಿಗೆ ಹೇಳತೊಡಗಿದಳು. ಮುದುಕ ಬೆರಗಿನಿಂದ ಕೇಳಿ, ಕೊನೆಗೆ ಹೌದೆಂದು ತಲೆಯಾಡಿಸಿದ. ಅವಳು ಅವನ ಹೆಸರು ಬರೆದುಕೊಂಡಳು.